ನಾಯಿಯ ನೆರಳಿಗೊಂದು ಸಾಲು

ಪಾಲಿಕೆಯ ಕರಡು ನಿಯಮಗಳಲ್ಲಿ ನಮ್ಮ ಸಾಲು ಸೇರಿಕೊಂಡ ದಿನ ವಕೀಲರು ನಮಗೆ ಸಿಹಿ ಹಂಚಲು ಬಿಡಲಿಲ್ಲ. ಹಲಸೂರು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಪಶುವೈದ್ಯರೊಬ್ಬರ ಕ್ಲಿನಿಕ್ಕಿಗೆ ಅಂಟಿಕೊಂಡ ಕೋಣೆಯೇ ನಮ್ಮ ಕಚೇರಿ. ನಾನು ದಾರಿಯಲ್ಲೇ ಮೈಸೂರು ಪಾಕಿನ ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದೆ. ಅವರು ಅದನ್ನು ಬೀರುವಿನ ಮೇಲೆ ಎತ್ತಿಟ್ಟು, "ಇನ್ನೂ ಕರಡು ಕಣಮ್ಮಾ. ಆಕ್ಷೇಪಣೆ ಬರ್ಲಿ, ವಿಚಾರಣೆ ಆಗ್ಲಿ, ಗೆಜೆಟ್‌ನಲ್ಲಿ ಅಚ್ಚಾಗ್ಲಿ. ಕರಡಿಗೆಲ್ಲ ಯಾರಾದ್ರೂ ಸಿಹಿ ತಿಂತಾರಾ?" ಎಂದರು. ಸಂಜೆಯ ಹೊತ್ತಿಗೆ ಆ ಪೊಟ್ಟಣವನ್ನು ಇರುವೆಗಳು ಕಂಡುಹಿಡಿದಿದ್ದವು. ಅವಕ್ಕೆ ಗೆಜೆಟ್ಟಿನ ಹಂಗು ಇರಲಿಲ್ಲ.

ನಮ್ಮದು ಚಿಕ್ಕ ಬಳಗ. ಮನೆಯೊಳಗೆ ಸೋಫಾದ ಮೇಲೆ ಮಲಗುವ ನಾಯಿಗಳ ಬಗ್ಗೆ ಮಾತಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಗೇಟಿನ ಪಕ್ಕ, ತಾರಸಿಯ ಮೇಲೆ, ಖಾಲಿ ಸೈಟಿನಲ್ಲಿ ಸರಪಳಿ ಹಾಕಿಸಿಕೊಂಡು ವರ್ಷವಿಡೀ ಬಿಸಿಲು ಮಳೆಗೆ ಮೈಯೊಡ್ಡುವ ಸಾಕುನಾಯಿಗಳ ಪರವಾಗಿ ಒಂದು ನಿಯಮ ಬರಲಿ ಎಂಬುದು ನಮ್ಮ ಬೇಡಿಕೆ. ಕಾನೂನಿನ ಕೆಲಸವೆಲ್ಲ ವಕೀಲರದು. ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿರುವ, ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದ ಹೆಂಗಸು ಅವರು. ಚಿಕಿತ್ಸೆಯ ವಿಷಯ ಪಕ್ಕದ ಕ್ಲಿನಿಕ್ಕಿನ ಡಾಕ್ಟರದು. ಅರ್ಜಿಗಳನ್ನು ಕನ್ನಡದಲ್ಲಿ ಬರೆಯುವುದು, ಟಪಾಲು, ಕಾಫಿ, ಫೋನು ಇವೆಲ್ಲ ನನ್ನ ಪಾಲು.

ಕರಡಿಗೆ ಸೇರಿದ ಸಾಲು ಹೀಗಿತ್ತು: "ಹೊರಾಂಗಣದಲ್ಲಿ ಇರಿಸುವ ಪ್ರತಿಯೊಂದು ಸಾಕುನಾಯಿಗೂ ಮೇಲ್ಛಾವಣಿ ಮತ್ತು ಮೂರು ಬದಿ ಗೋಡೆಯುಳ್ಳ ಗೂಡನ್ನು ಒದಗಿಸತಕ್ಕದ್ದು, ತಪ್ಪಿದಲ್ಲಿ ನಾಯಿಯನ್ನು ನೋಡಿಕೊಳ್ಳುವವರು ದಂಡಕ್ಕೆ ಗುರಿಯಾಗತಕ್ಕದ್ದು." ನಾವೆಲ್ಲರೂ ಕೂತು, ಒಂದೊಂದು ಪದಕ್ಕೂ ಒಪ್ಪಿಗೆ ಕೊಟ್ಟು ಕಳಿಸಿದ ಸಾಲು ಅದು. ಓದಿದಾಗ ಕಣ್ಣಮುಂದೆ ಚೆಂದದ ಮರದ ಗೂಡು ಬರುತ್ತಿತ್ತು.

ವಿಚಾರಣೆಗೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಒಂದು ಕಡೆ ಜನ ತಾವಾಗಿಯೇ ನಿಯಮ ಪಾಲಿಸಿ ತೋರಿಸಿದರೆ ಅಧಿಕಾರಿಗಳಿಗೂ ಧೈರ್ಯ ಬರುತ್ತದೆ ಎಂದು ಕೆ.ಆರ್. ಪುರದ ಆಚೆಯ ಒಂದು ಬಡಾವಣೆಯ ನಿವಾಸಿಗಳ ಸಂಘವನ್ನು ಕೇಳಿಕೊಂಡೆವು. ಅಧ್ಯಕ್ಷರು ಕಾರ್ಖಾನೆಯಿಂದ ನಿವೃತ್ತರಾದವರು, ಉತ್ಸಾಹದ ಮನುಷ್ಯ. "ಮೇಡಂ, ನೀವು ಹೇಳೋದು ಹೆಚ್ಚಾ, ನಾವು ಮಾಡೋದು ಹೆಚ್ಚಾ? ಯುಗಾದಿಯೊಳಗೆ ಒಂದೂ ನಾಯಿ ಬಯಲಲ್ಲಿ ಇರಲ್ಲ, ನೋಡ್ತಿರಿ" ಎಂದರು. ಆಡಿದ ಹಾಗೇ ಮಾಡಿದರು. ಬಡಾವಣೆಯಲ್ಲಿ ಅರ್ಧಕ್ಕರ್ಧ ಇನ್ನೂ ಖಾಲಿ ಸೈಟುಗಳು. ಸೈಟಿಗೊಂದು ಬೇಲಿ, ಬೇಲಿಯೊಳಗೆ ಒಂದು ಕಾವಲು ಕುಟುಂಬ, ಜತೆಗೆ ಮಾಲೀಕರು ತಂದು ಬಿಟ್ಟ ಒಂದು ನಾಯಿ, ಇದು ಅಲ್ಲಿಯ ರೂಢಿ. ಒಂದೇ ವಾರದಲ್ಲಿ ಎಲ್ಲ ನಾಯಿಗಳಿಗೂ ಗೂಡು ಬಂದವು. ಫೋನಿಗೆ ಫೋಟೋಗಳ ಮೇಲೆ ಫೋಟೋಗಳು ಬಂದವು. ನಾನು ಅವನ್ನೆಲ್ಲ ಅಚ್ಚು ಹಾಕಿಸಿ ಕಡತಕ್ಕೆ ಅಂಟಿಸಿದೆ. ಗೂಡುಗಳು ಏತರಿಂದ ಆಗಿವೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಬೇಲಿಗೆ ಹೊಡೆದು ಉಳಿದ ತಗಡು ಎಲ್ಲರ ಹತ್ತಿರವೂ ಬಿದ್ದಿತ್ತು. ಮೇಲೆ ತಗಡು, ಮೂರು ಬದಿಗೂ ತಗಡು. ನಾವು ಬರೆದ ಸಾಲಿಗೆ ಅಕ್ಷರಶಃ ಹೊಂದುತ್ತಿತ್ತು.

ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಆ ಬಡಾವಣೆಯಿಂದ ಫೋನು ಬಂತು. ಯಾದಗಿರಿ ಕಡೆಯಿಂದ ಬಂದು ಸೈಟೊಂದನ್ನು ಕಾಯುತ್ತಿದ್ದ ದಂಪತಿಗಳಲ್ಲಿ ಹೆಂಡತಿ. ಸೈಟಿನ ನಾಯಿ ಕೆಂಚನಿಗೆ ರೇಬೀಸ್ ಲಸಿಕೆ ಹಾಕಿಸಿದ ದಿನದಿಂದ ನನ್ನ ನಂಬರು ಅವಳ ಹತ್ತಿರ ಇತ್ತು.

"ಅಕ್ಕೋರೆ, ಕೆಂಚ ಏಳವಲ್ದುರೀ. ಬಾಯಿ ತಕ್ಕೊಂಡು ತೇಕಾಕತ್ತಾದ. ಕಣ್ಣ ಮ್ಯಾಲ ಮಾಡ್ಯಾದ."

"ಎಲ್ಲಿದೆ ಈಗ?"

"ಆ ಡಬ್ಬಿಯಿಂದ ಎಳದು ಹೊರಗ ಹಾಕೀನ್ರಿ. ನೀವು ಲಗೂ ಬರ್ರಿ."

ಡಾಕ್ಟರು ಕ್ಲಿನಿಕ್ಕಿನಲ್ಲಿದ್ದ ಬೆಕ್ಕನ್ನು ಕಾಂಪೌಂಡರಿಗೆ ಒಪ್ಪಿಸಿ ಕಾರು ತೆಗೆದರು. ಹಳೇ ಮದರಾಸು ರಸ್ತೆ ಆ ಹೊತ್ತಿನಲ್ಲಿ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಟಿನ್ ಫ್ಯಾಕ್ಟರಿಯ ಹತ್ತಿರ ನಿಂತುಬಿಟ್ಟೆವು. ಡಾಕ್ಟರು ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಾ ಫೋನಿನ ಸ್ಪೀಕರ್ ಹಾಕಿಸಿ ಅಲ್ಲಿಂದಲೇ ಚಿಕಿತ್ಸೆ ಶುರು ಮಾಡಿದರು. "ನೋಡಮ್ಮಾ, ಐಸ್ ಹಾಕಬೇಡಿ. ಮಾಮೂಲಿ ನೀರು ಸಾಕು. ಹೊಟ್ಟೆ, ತೊಡೆಸಂದು, ಪಾದ, ಅಲ್ಲಿಗೆ ಸುರೀರಿ. ಒದ್ದೆ ಬಟ್ಟೆ ಹೊದಿಸಿ ಮುಚ್ಚಿಡಬೇಡಿ, ಗಾಳಿ ಆಡಬೇಕು. ಬಾಯಿಗೆ ನೀರು ಹೊಯ್ಯಬೇಡಿ, ಅದಾಗೇ ನೆಕ್ಕಿದ್ರೆ ನೆಕ್ಕಲಿ."

"ಬೀಸಲೇನ್ರಿ?"

"ಬೀಸ್ರಿ, ಬೀಸ್ತಾನೇ ಇರಿ."

ನಾವು ತಲುಪಿದಾಗ ಆಕೆ ಕೆಂಚನನ್ನು ಪಕ್ಕದ ಅರ್ಧ ಕಟ್ಟಿದ ಮನೆಯ ನೆರಳಿಗೆ ಸಾಗಿಸಿ, ಸಿಮೆಂಟು ಚೀಲದಿಂದ ಬೀಸುತ್ತಾ ಕೂತಿದ್ದಳು. ಆ ದಿನ ಟ್ಯಾಂಕರು ಬಂದಿರಲಿಲ್ಲ. ಮನೆಗೆಂದು ಹಿಡಿದಿಟ್ಟಿದ್ದ ಕೊಡವೆಲ್ಲ ನಾಯಿಯ ಹೊಟ್ಟೆಯ ಮೇಲೆ ಖಾಲಿಯಾಗಿತ್ತು. ಡಾಕ್ಟರು ಜ್ವರ ನೋಡಿದರು, ಸಲೈನ್ ಏರಿಸಿದರು, ಮತ್ತೆ ಮತ್ತೆ ಜ್ವರ ನೋಡಿದರು. ತಣ್ಣಗಾಗಿಸುವುದು ಎಷ್ಟು ಮುಖ್ಯವೋ ಸರಿಯಾದ ಹೊತ್ತಿಗೆ ನಿಲ್ಲಿಸುವುದೂ ಅಷ್ಟೇ ಮುಖ್ಯವಂತೆ. ಇಲ್ಲದಿದ್ದರೆ ಮೈ ಇನ್ನೊಂದು ತುದಿಗೆ ಜಾರುತ್ತದೆ. ಬಿಸಿಲು ವಾಲುವ ಹೊತ್ತಿಗೆ ಕೆಂಚ ತಲೆಯೆತ್ತಿ, ಸಲೈನಿನ ನಳಿಕೆಯನ್ನು ಮೂಸಿ, ಅದು ತಿನ್ನುವ ವಸ್ತು ಅಲ್ಲ ಎಂದು ಬೇಸರಪಟ್ಟುಕೊಂಡಿತು. ಡಾಕ್ಟರು ಮೊದಲ ಸಲ ನಕ್ಕರು. "ಅರ್ಧ ಕೆಲಸ ನೀವೇ ಮುಗಿಸಿದ್ರಿ ತಾಯಿ. ನಾನು ಬಂದು ಸೂಜಿ ಚುಚ್ಚಿದೆ ಅಷ್ಟೇ."

ಅವಳು ನಗಲಿಲ್ಲ. ಸಂಘದವರು ಮನೆಮನೆಗೆ ಹಂಚಿದ್ದ ಕರಡಿನ ಪ್ರತಿಯನ್ನು ಒಳಗಿನಿಂದ ತಂದಳು. ಪಕ್ಕದ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಓದಿ ಹೇಳಿದ್ದನಂತೆ. "ನೋಡಿಕೊಳ್ಳುವವರು ಅಂದ್ರ ನಾವಾ ಅಲ್ರಿ? ಸಾಹುಕಾರ್ರು ಇಂದಿರಾನಗರದಾಗ ಇರ್ತಾರ. ನಾಯಿ ಅವರದು. ಡಬ್ಬಿ ಮಾಡಿಸಿ ಇದರಾಗ ಕಟ್ಟಂದವರು ಅವರಾ. ನಾಳೆ ಇದು ಸತ್ರ ದಂಡ ನಮ್ಮ ಮ್ಯಾಲ. ದಂಡ ಬಿದ್ರ ಸಾಹುಕಾರ್ರು ಸುಮ್ನಿರ್ತಾರೇನ್ರಿ? ಗಂಟು ಮೂಟಿ ಕಟ್ಟು ಅಂತಾರ."

ಕಾರಿನಲ್ಲಿ ವಾಪಸು ಬರುವಾಗ ಡಾಕ್ಟರು ಒಂದೇ ಮಾತು ಹೇಳಿದರು: "ಅಕ್ಕ, ನಾವು ಓವನ್ ಕಡ್ಡಾಯ ಮಾಡಿಸಿದೀವಿ."

ಮರುದಿನ ಬೆಳಿಗ್ಗೆ ಕುಕ್ ಟೌನಿಗೆ ಹೋದೆ. ವಕೀಲರು ವರಾಂಡದಲ್ಲಿ ಅವರೆಕಾಳು ಬಿಡಿಸುವ ಗಂಭೀರತೆಯಲ್ಲಿ ಪತ್ರಿಕೆಗಳಿಂದ ಕತ್ತರಿಸಿದ ತುಂಡುಗಳನ್ನು ವಿಂಗಡಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಯಾರನ್ನೂ ಬೈಯಲಿಲ್ಲ, ತಮ್ಮನ್ನೂ ಹಳಿದುಕೊಳ್ಳಲಿಲ್ಲ. ನಾನು ಅವರಲ್ಲಿ ಬಹಳ ಮೆಚ್ಚಿದ ಗುಣ ಇದು. ತಪ್ಪು ಕಂಡ ಕೂಡಲೇ ಅದರ ಅಳತೆ ತೆಗೆಯಲು ಹೊರಡುತ್ತಾರೆ.

"ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಗೊತ್ತಾ ನಿನಗೆ?"

"ಮೇಡಂ, ಗೂಡಿನ ಪಕ್ಕದಲ್ಲಿ..."

"ಯಾವ ಪಕ್ಕ? ಎಷ್ಟು ಹೊತ್ತು? ಗೊತ್ತಿಲ್ಲ ತಾನೇ? ನನಗೂ ಗೊತ್ತಿಲ್ಲ. ಹೋಗಿ ಒಂದು ಹಗಲು ಪೂರ್ತಿ ಕೂತು ನೋಡ್ಕೊಂಡು ಬಾ. ರಂಗೋಲಿ ಪುಡಿ ತಗೊಂಡ್ಹೋಗು. ನೆರಳಿನ ಅಂಚಿಗೆ ಗೆರೆ ಎಳಿ."

ಹಾಗಾಗಿ ನಾನು ಛತ್ರಿ, ಮಜ್ಜಿಗೆಯ ಬಾಟಲಿ, ಚಿತ್ರಾನ್ನದ ಡಬ್ಬಿ ಮತ್ತು ಒಂದು ಚೀಲ ರಂಗೋಲಿ ಪುಡಿಯೊಂದಿಗೆ ಸೈಟಿಗೆ ಹೋದೆ. ಕೆಂಚ ಇನ್ನೂ ನಿತ್ರಾಣವಾಗಿ ಅರ್ಧ ಕಟ್ಟಿದ ಮನೆಯಲ್ಲೇ ಮಲಗಿತ್ತು. ಬೆಳಗಿನ ನೆರಳು ಗೂಡಿನ ಪಶ್ಚಿಮಕ್ಕೆ ಉದ್ದಕ್ಕೆ ಚಾಚಿತ್ತು. ಗೆರೆ ಎಳೆದೆ. ಹೊತ್ತು ಏರಿದಂತೆ ಅದು ಗೂಡಿನ ಬುಡಕ್ಕೆ ಸರಿಯಿತು. ಮತ್ತೆ ಎಳೆದೆ. ಕಾವಲಿನ ಹೆಂಗಸು ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು ನಿಂತಳು.

"ಬಿಸಿಲಿಗಿ ರಂಗೋಲಿ ಹಾಕ್ಲಿಕ್ಕತ್ತೀರೇನ್ರಿ ಅಕ್ಕೋರೆ? ಅದು ನಮ್ಮನಿಗಿ ಕರೀಲಾರ್ದಾ ಬರ್ತದ!"

ಅವಳು ನಕ್ಕದ್ದನ್ನು ನಾನು ಆಗ ಮೊದಲು ಕಂಡಿದ್ದು. ಆಮೇಲೆ ಅವಳೂ ಪುಡಿ ಹಿಡಿದಳು. ನೆತ್ತಿಯ ಮೇಲೆ ಸೂರ್ಯ ಬಂದಾಗ ಹೊರಗೆ ನೆರಳೆಂಬುದೇ ಇರಲಿಲ್ಲ. ಇದ್ದದ್ದು ಗೂಡಿನ ಒಳಗೆ ಮಾತ್ರ. ಅದರೊಳಗೆ ಕೈ ಇಟ್ಟರೆ ಒಲೆಯ ಬಾಯಿಗೆ ಇಟ್ಟ ಹಾಗೆ. ಇಳಿಹೊತ್ತಿನಲ್ಲಿ ನೆರಳು ಪೂರ್ವಕ್ಕೆ, ಬೇಲಿಯ ಕಡೆಗೆ ಉದ್ದವಾಯಿತು. ಸರಪಳಿಯ ಕೊಕ್ಕೆ ಪಶ್ಚಿಮದ ಬದಿಯಲ್ಲಿತ್ತು. ಸರಪಳಿಯನ್ನು ಎಳೆದು ನೋಡಿದೆವು, ಇಳಿಹೊತ್ತಿನ ಆ ನೆರಳಿಗೆ ಅದು ಮುಟ್ಟುತ್ತಲೇ ಇರಲಿಲ್ಲ. ಕಣ್ಣೆದುರಿಗೆ ನೆರಳು ಬಿದ್ದಿದೆ, ನಾಯಿ ಅದನ್ನು ನೋಡುತ್ತಾ ಬಿಸಿಲಲ್ಲಿ ಕೂರಬೇಕು. ಸಂಜೆಗೆ ಗೂಡಿನ ಸುತ್ತ ಬಿಳಿಯ ಗೆರೆಗಳು ಬೀಸಣಿಗೆ ಬಿಚ್ಚಿಟ್ಟಂತೆ ಹರಡಿದ್ದವು. ಫೋಟೋ ತೆಗೆದು ವಕೀಲರಿಗೆ ಕಳಿಸಿದೆ. ಕೂಡಲೇ ಫೋನು ಬಂತು.

"ನಮ್ಮ ಸಾಲನ್ನ ನಾವೇ ವಾಪಸ್ ತಗೋಬೇಕು."

ಬಳಗದಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ಇಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿದು ಗಿಟ್ಟಿಸಿದ್ದನ್ನು ಕೈಯಾರೆ ಬಿಡುವುದೇ? ಪಶುಪಾಲನೆ ವಿಭಾಗದ ಅಧಿಕಾರಿಗೆ ಫೋನು ಮಾಡಿದಾಗ ಅವರೂ ಎಚ್ಚರಿಸಿದರು: "ನೋಡಿ ಮೇಡಂ, ಕೇಳಿದವರೇ ಬೇಡ ಅಂದ್ರೆ ನಾನು ಆ ಕಲಂ ಹೊಡೆದುಹಾಕ್ಬೇಕಾಗುತ್ತೆ. ಆಮೇಲೆ ನಿಯಮ ಮತ್ತೆ ತಿದ್ದೋದು ಯಾವಾಗ್ಲೋ, ನಾನಂತೂ ಅಷ್ಟೊತ್ತಿಗೆ ರಿಟೈರ್ ಆಗಿರ್ತೀನಿ." ಡಾಕ್ಟರು ಕೂಡ, "ಕೆಟ್ಟ ಸಾಲಾದ್ರೂ ಇರ್ಲಿ, ಆಮೇಲೆ ಸರಿ ಮಾಡೋಣ" ಎಂದರು. ವಕೀಲರು ಎಲ್ಲರ ಮಾತನ್ನೂ ಕೇಳಿ, "ಆಮೇಲೆ ಅಂದ್ರೆ ಎಷ್ಟು ಬೇಸಿಗೆ?" ಎಂದು ಮಾತ್ರ ಕೇಳಿದರು. ಅಲ್ಲಿಗೆ ಆಕ್ಷೇಪಣೆ ಬರೆಯುವುದೆಂದು ತೀರ್ಮಾನವಾಯಿತು.

ಇನ್ನೊಂದು ಪ್ರಶ್ನೆಯಿತ್ತು. ಕಾವಲಿನ ಹೆಂಗಸನ್ನು ವಿಚಾರಣೆಗೆ ಕರೆತಂದು ಮಾತಾಡಿಸಿದರೆ ಸಭೆ ಕರಗುತ್ತದೆ ಎಂದು ನಾನೇ ಸೂಚಿಸಿದೆ. ಅವಳೂ ಬರಲು ಸಿದ್ಧಳಿದ್ದಳು. ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅವಳು ಸಭೆಯಲ್ಲಿ ಸಾಹುಕಾರರ ಹೆಸರು ಹೇಳ್ತಾಳೆ. ಸಂಜೆ ಅವಳು ಎಲ್ಲಿ ಮಲಗ್ತಾಳೆ? ಬೇಡ. ಅವಳ ಅನ್ನ ಪಣಕ್ಕಿಟ್ಟು ನಾವು ಗೆಲ್ಲೋದು ಬೇಡ. ಗೂಡನ್ನೇ ಕರ್ಕೊಂಡು ಬಾ. ಅದು ಮಾತಾಡುತ್ತೆ."

ಆ ಗೂಡನ್ನು ಅಧ್ಯಕ್ಷರ ಮೂಲಕವೇ ಕೇಳಿ ತರಿಸಿದೆವು. ವಿಚಾರಣೆಯ ದಿನ ಟೆಂಪೋದಲ್ಲಿ ಹೇರಿಸಿ ಶಿವಾಜಿನಗರದ ಪಾಲಿಕೆ ಕಚೇರಿಯ ಅಂಗಳಕ್ಕೆ ಇಳಿಸಿದಾಗ ಗೇಟಿನ ಕಾವಲಿನವನು, "ಏನ್ರೀ ಇದು, ಪೆಟ್ಟಿಗೆ ಅಂಗಡಿನಾ? ಇಲ್ಲೆಲ್ಲ ಹಾಕೋ ಹಾಗಿಲ್ಲ" ಎಂದು ಕೋಲು ಅಡ್ಡ ಹಿಡಿದ. ಅಧಿಕಾರಿಗೆ ಹೇಳಿ ಅಪ್ಪಣೆ ಪಡೆಯಬೇಕಾಯಿತು. ನಮ್ಮ ಯೋಜನೆ ಸರಳವಾಗಿತ್ತು. ಬೆಳಿಗ್ಗೆ ಬಿಸಿಲಿಗಿಟ್ಟು, ಮಧ್ಯಾಹ್ನ ಎಲ್ಲರನ್ನೂ ಕರೆದು ಒಳಗೆ ಕೈ ಇಡಿ ಎನ್ನುವುದು.

ಆ ದಿನ ಬಿಸಿಲೇ ಬರಲಿಲ್ಲ. ಅಷ್ಟು ದಿನ ಹುರಿದ ಆಕಾಶ ಅವತ್ತು ಬೂದು ಬಣ್ಣದ ಕಂಬಳಿ ಹೊದ್ದು ಮಲಗಿಬಿಟ್ಟಿತು. ನಾನು ನಿಮಿಷಕ್ಕೊಮ್ಮೆ ಹೊರಗೆ ಬಂದು ತಗಡು ಮುಟ್ಟಿ ನೋಡುತ್ತಿದ್ದೆ, ಅದು ತಣ್ಣಗೆ ಹಿತವಾಗಿತ್ತು. ಅಧ್ಯಕ್ಷರೂ ಬಂದು ಅಂಗೈಯಿಟ್ಟು, ಎಲ್ಲರಿಗೂ ಕೇಳಿಸುವಂತೆ, "ಏನ್ ಮೇಡಂ, ಓವನ್ ಅಂದ್ರಿ? ಇದು ಫ್ರಿಜ್ ಥರ ಇದೆಯಲ್ಲ! ನನಗೇ ಒಳಗೆ ಹೋಗಿ ಮಲಗೋಣ ಅನಿಸ್ತಿದೆ" ಎಂದರು. ಎಲ್ಲರೂ ನಕ್ಕರು. ವಕೀಲರೂ ನಕ್ಕರು. "ಜಾಗ ಸಾಕಾಗಲ್ಲ ಸರ್ ನಿಮಗೆ" ಎಂದರು.

ವಿಚಾರಣೆಯಲ್ಲಿ ನಮ್ಮ ಸರದಿ ಊಟದ ನಂತರ ಬಂತು. ವಕೀಲರು ಎದ್ದುನಿಂತು, "ಹೊರಾಂಗಣದ ನಾಯಿಗಳ ಕಲಂ ಬಗ್ಗೆ ಮೊದಲ ಆಕ್ಷೇಪಣೆ ನಮ್ಮದೇ. ಅದನ್ನು ಬರೆದುಕೊಟ್ಟವರೂ ನಾವೇ" ಎಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಅವರು ರಂಗೋಲಿ ಗೆರೆಗಳ ಫೋಟೋ ಎತ್ತಿ ಹಿಡಿದು ನೆರಳು ಹೇಗೆ ತಿರುಗುತ್ತದೆ, ಸರಪಳಿ ಎಲ್ಲಿ ನಿಲ್ಲುತ್ತದೆ ಎಂದು ವಿವರಿಸತೊಡಗಿದರು. ಸರಪಳಿಯ ಮಾತು ಮುಗಿಯುವಷ್ಟರಲ್ಲಿ ಹೊರಗೆ ಗುಡುಗು, ಹಿಂದೆಯೇ ಮಳೆ. ವರ್ಷದ ಮೊದಲ ಮಳೆ ಬಂದರೆ ಈ ಊರಿನಲ್ಲಿ ಯಾವ ಕಚೇರಿಯೂ ಕುರ್ಚಿಯ ಮೇಲೆ ಕೂರುವುದಿಲ್ಲ. ಗುಮಾಸ್ತರು, ಅರ್ಜಿದಾರರು, ಕೊನೆಗೆ ಅಧಿಕಾರಿ, ಎಲ್ಲರೂ ವರಾಂಡಕ್ಕೆ ಬಂದರು. ಅಂಗಳದಲ್ಲಿ ನಮ್ಮ ಗೂಡು ಒಂದೇ ಸಮನೆ ಡಬಡಬ ಬಡಿಸಿಕೊಳ್ಳುತ್ತಿತ್ತು. ಆ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಅಂಗಳದ ನೀರೆಲ್ಲ ಇಳಿಜಾರು ಹುಡುಕುತ್ತಾ ಬಂದು, ಗೂಡಿನ ತೆರೆದ ಬಾಯಿಯಿಂದ ಒಳಗೆ ನುಗ್ಗಿ ಮೂರು ಗೋಡೆಗಳ ನಡುವೆ ನಿಂತಿತು. ನೋಡುತ್ತಿದ್ದಂತೆ ಅದು ಕೆಂಪು ಕೆಸರಿನ ತೊಟ್ಟಿಯಾಯಿತು.

ಅಧ್ಯಕ್ಷರ ನಗು ನಿಂತಿತ್ತು. "ಅಯ್ಯೋ, ನಮ್ಮ ಲೇಔಟ್‌ನಲ್ಲೂ ಈಗ ಹೀಗೇ ಆಗ್ತಿರುತ್ತಲ್ಲ" ಎಂದು ಫೋನು ತೆಗೆದು ಒಬ್ಬೊಬ್ಬರಿಗೇ ಕರೆ ಮಾಡತೊಡಗಿದರು: "ಮೊದ್ಲು ನಾಯಿ ಬಿಚ್ರೀ, ಆಮೇಲೆ ಮಾತಾಡೋಣ." ಆ ಮನುಷ್ಯನ ಮೇಲೆ ನನಗೆ ಇದ್ದ ಸಿಟ್ಟು ಆ ಕ್ಷಣಕ್ಕೆ ಇಳಿಯಿತು.

ಅಧಿಕಾರಿ ವಕೀಲರ ಕಡೆ ತಿರುಗಿದರು. "ಸರಿ ಮೇಡಂ, ಗೂಡು ಬೇಡ. ಏನ್ ಬೇಕು? ಈಗಲೇ ಬರ್ಕೊಡಿ. ನಾಳೆಗೆ ಅಂದ್ರೆ ನಾನು ಕಲಂ ಕೈಬಿಡ್ತೀನಿ."

ವರಾಂಡದ ಬೆಂಚಿನ ಮೇಲೆಯೇ ಕೂತೆವು. ವಕೀಲರು ಹೇಳಿದರು, ನಾನು ಬರೆದೆ. ಏನು ಕಟ್ಟಬೇಕು ಎಂದು ಬರೆಯುವುದು ಬೇಡ, ನಾಯಿಗೆ ಏನು ಸಿಗಬೇಕು ಎಂದಷ್ಟೇ ಬರೆ ಎಂದರು. ಹಗಲಿನ ಎಲ್ಲ ಹೊತ್ತಿನಲ್ಲೂ ಗಾಳಿಯಾಡುವ ನೆರಳು. ಮಳೆಯಲ್ಲಿ ನೆನೆಯದ, ನೆಲದಿಂದ ಎತ್ತರಿಸಿದ ಜಾಗ. ಕುಡಿಯುವ ನೀರು. ಕಟ್ಟಿದ್ದಾದರೆ ಈ ಮೂರನ್ನೂ ಮುಟ್ಟುವಷ್ಟು ಉದ್ದದ ಹಗ್ಗ. ಡಾಕ್ಟರು ನನ್ನ ಭುಜದ ಮೇಲಿನಿಂದ ಬಗ್ಗಿ, "ಲೋಹದ ಛಾವಣಿಯಾದರೆ ಮೇಲೆ ತೆಂಗಿನ ಗರಿಯೋ ಗೋಣಿಯೋ ಹೊದಿಸತಕ್ಕದ್ದು ಅಂತ ಸೇರ್ಸಿ" ಎಂದರು. ಸೇರಿಸಿದೆ.

ಅಲ್ಲಿಯವರೆಗೆ ಅಧಿಕಾರಿ ತಲೆಯಾಡಿಸಿದರು. ಹೊಣೆಯ ಮಾತು ಬಂದಾಗ ತಡೆದರು. "ನೋಡಿಕೊಳ್ಳುವವರು ಅನ್ನೋದನ್ನ ಯಾಕೆ ತೆಗೀತೀರಿ? ಸೈಟ್ ಓನರ್ ಎಲ್ಲೋ ಇರ್ತಾನೆ. ನಮ್ಮ ಇನ್‌ಸ್ಪೆಕ್ಟರ್ ಹೋದ್ರೆ ಕಣ್ಣಿಗೆ ಬೀಳೋನು ಕಾವಲಿನವನು. ನೋಟಿಸ್ ಯಾರಿಗೆ ಕೊಡ್ಲಿ ನಾನು?"

ಆ ಮಾತಿಗೆ ಸಭೆಯಲ್ಲಿದ್ದ ಹಲವರು ಹೂಂಗುಟ್ಟಿದರು. ನನ್ನ ಪೆನ್ನು ನಿಂತಿತು. ಯಾದಗಿರಿಯ ಆ ಹೆಂಗಸು ಸೈಟಿನಲ್ಲಿ ಉಳಿಯುವುದೋ ಗಂಟು ಕಟ್ಟುವುದೋ ಈ ಒಂದು ಪದದ ಮೇಲೆ ನಿಂತಿತ್ತು.

ವಕೀಲರು ದನಿ ಏರಿಸಲಿಲ್ಲ. "ಸರ್, ಆ ಸೈಟಿನ ತೆರಿಗೆ ಕಟ್ಟೋದು ಯಾರು?"

"ಓನರ್."

"ಅವರ ವಿಳಾಸ ನಿಮ್ಮ ಪಾಲಿಕೆಯಲ್ಲೇ ಇರುತ್ತಲ್ವಾ?"

"ಇರುತ್ತೆ."

"ನಾಯಿ ಪರವಾನಗೀನೂ ಅದೇ ಹೆಸರಿಗೆ ಕೊಡಿ. ಖಾಲಿ ಸೈಟಲ್ಲಿ ಕಾವಲಿಗಿಟ್ಟ ನಾಯಿ ಅಂದ್ರೆ, ಸೈಟಿನ ತೆರಿಗೆದಾರರದೇ ಪರವಾನಗಿ, ಅವರದೇ ಹೊಣೆ. ನಿಮ್ಮ ಇನ್‌ಸ್ಪೆಕ್ಟರ್ ಯಾರನ್ನೂ ಹುಡುಕೋದು ಬೇಡ. ತೆರಿಗೆ ಬಾಕಿಗೆ ನೋಟಿಸ್ ಎಲ್ಲಿಗೆ ಹೋಗುತ್ತೋ ಇದೂ ಅಲ್ಲಿಗೇ ಹೋಗ್ಲಿ."

ಅಧಿಕಾರಿ, "ನೀವು ಪ್ರಾಕ್ಟೀಸ್ ಬಿಟ್ಟಿದ್ದು ಒಳ್ಳೇದಾಯ್ತು ಮೇಡಂ, ನಮ್ಮ ಲೀಗಲ್ ಸೆಲ್‌ನವರು ಉಳ್ಕೊಂಡ್ರು" ಎಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು.

ಅಂತಿಮ ನಿಯಮ ಬರುವಷ್ಟರಲ್ಲಿ ಮಳೆಗಾಲ, ಚಳಿಗಾಲ ಎರಡೂ ಕಳೆದವು. ಅಚ್ಚಾದ ಪುಟ ಬಂದಾಗ ನಾವು ಒಂದೊಂದು ಪದಕ್ಕೂ ಬೆರಳಿಟ್ಟು ಓದಿದೆವು. ಗರಿ, ಗೋಣಿಯ ಮಾತನ್ನು ಯಾರೋ ಕತ್ತರಿಸಿದ್ದರು. ಡಾಕ್ಟರು ಒಂದು ದಿನವಿಡೀ ಮುಖ ಊದಿಸಿಕೊಂಡಿದ್ದರು. ಉಳಿದದ್ದೆಲ್ಲ ಇತ್ತು. ಹೊಣೆ ತೆರಿಗೆದಾರರದೇ ಎಂಬುದೂ ಇತ್ತು.

ಬೇಸಿಗೆ ಮತ್ತೆ ಕಾಲಿಟ್ಟಾಗ ಸೈಟಿಗೆ ಹೋದೆ. ಇಂದಿರಾನಗರದ ಮಾಲೀಕರ ವಿಳಾಸಕ್ಕೆ ತಿಳಿವಳಿಕೆ ಪತ್ರ ಹೋಗಿತ್ತು. ಅವರು ಒಂದು ಭಾನುವಾರ ಬಡಗಿಯನ್ನು ಕರೆದುಕೊಂಡು ಬಂದು, ನಾಲ್ಕು ಕಂಬ ನಿಲ್ಲಿಸಿ, ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿ, ಕೆಳಗೆ ಕಲ್ಲುಚಪ್ಪಡಿ ಹಾಸಿಸಿ ಹೋಗಿದ್ದರಂತೆ. ದಂಡದ ಹೆದರಿಕೆಗೋ ಏನೋ, ಚಪ್ಪರ ನಾಯಿಗೆ ಬೇಕಾದ್ದಕ್ಕಿಂತ ಧಾರಾಳವಾಗಿಯೇ ಇತ್ತು. ಕೆಂಚ ಉದ್ದ ಹಗ್ಗದ ತುದಿಯಲ್ಲಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಅದರ ಪಕ್ಕದಲ್ಲಿ ಕಾವಲಿನ ಹೆಂಗಸು ಗೋಡೆಗೆ ಒರಗಿದಂತೆ ಕಂಬಕ್ಕೆ ಒರಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಬರ್ರಿ ಅಕ್ಕೋರೆ, ಇಲ್ಲೇ ಕುಂದರ್ರಿ, ಒಳಗ ಬ್ಯಾಡ" ಎಂದು ಸರಿದು ಜಾಗ ಮಾಡಿದಳು. "ಒಳಗ ತಗಡು, ಈ ಹೊತ್ತಿಗಿ ಕಾಲಿಡಾಕ ಆಗಲ್ಲ. ಮಧ್ಯಾಹ್ನಾ ಪೂರಾ ನಾನೂ ಇಲ್ಲೇ ಇರ್ತೀನ್ರಿ. ಮೊನ್ನಿ ನಿಮ್ಮ ಇನ್‌ಸ್ಪೆಕ್ಟರ್ ಬಂದಿದ್ದ. ಇದು ನಾಯಿ ಜಾಗ ಅಲ್ಲೇನಮ್ಮ ಅಂದ. ಹೌದ್ರಿ ಸಾಹೇಬ್ರ, ನಾಯಿಗಿ ಕಾನೂನ ಆಗ್ಯಾದ, ನಾ ಅದರ ಕಡಿಯಾಕಿ ಅದೀನಿ, ಅದಕ್ಕಾ ಕುಂತೀನಿ ಅಂದೆ."

ಕೆಂಚ ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು. ಅವಳು ನಗುತ್ತಿದ್ದಳು. ನಾನೂ ನಕ್ಕೆ. ಆಮೇಲೆ ಅವರು ವಾಸಿಸುವ ತಗಡಿನ ಕೋಣೆಯ ಬಾಗಿಲ ಬಳಿ ಹೋದೆ. ಹೋದ ವರ್ಷ ಗೂಡಿನೊಳಗೆ ಕೈ ಇಟ್ಟಾಗಿನದೇ ಝಳ ಮುಖಕ್ಕೆ ಬಡಿಯಿತು.

ಸಂಜೆ ಕುಕ್ ಟೌನಿನ ವರಾಂಡದಲ್ಲಿ ಅವಳ ಮಾತನ್ನು ಅವಳ ದನಿಯಲ್ಲೇ ಹೇಳಿ ತೋರಿಸಿದೆ, ವಕೀಲರು ನಗುತ್ತಾರೆಂದು. ಅವರು ನಗಲಿಲ್ಲ. ಮೇಜಿನ ಖಾನೆ ಎಳೆದು ಬಿಳಿ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಕಾವಲಿನವರ ಮನೆ ಯಾವ ಇಲಾಖೆಗೆ ಬರುತ್ತೆ? ಕಾರ್ಮಿಕ ಇಲಾಖೆ ತಾನೇ? ಬರಿ. ಮೊದಲು ವಿಳಾಸ ಬರಿ."